ಒಮ್ಮೆ ಡೆಂಗಿ ಬಂದವರಿಗೆ ಮತ್ತೆ ಬರುವುದಿಲ್ಲವೇ? ಪ್ರತಿಕಾಯವೇ ವೈರಸ್‌ಗೆ ದಾರಿ ಬಿಡುವುದು ನಿಜವೇ?

ಮಳೆಗಾಲ ಶುರುವಾಗುತ್ತಿದ್ದಂತೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಡೆಂಗಿ ಬಗ್ಗೆ ಮೂರು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತವೆ. ಮೊದಲನೆಯದು: ಒಮ್ಮೆ ಡೆಂಗಿ ಬಂದು ವಾಸಿಯಾದರೆ ಮೈಯಲ್ಲಿ ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ತಯಾರಾಗಿರುತ್ತದೆ, ಇನ್ನು ಹೆದರಬೇಕಿಲ್ಲ. ಎರಡನೆಯದು: ಎರಡನೇ ಸಲ ಡೆಂಗಿ ಬಂದರೆ ಬದುಕುವುದಿಲ್ಲ. ಮೂರನೆಯದು ಕೋವಿಡ್ ನಂತರ ಸೇರಿಕೊಂಡದ್ದು: ಪ್ರತಿಕಾಯವೇ ರೋಗವನ್ನು ಹೆಚ್ಚಿಸುತ್ತದೆ ಎಂದು ವಿಜ್ಞಾನಿಗಳೇ ಹೇಳಿದ್ದಾರೆ, ಹಾಗಾಗಿ ಯಾವ ಲಸಿಕೆಯೂ ಬೇಡ.

ಮೂರೂ ತಪ್ಪು. ಆದರೆ ಮೂರರಲ್ಲೂ ಒಂದೊಂದು ಚೂರು ನಿಜ ಇದೆ. ಪೂರ್ತಿ ಸುಳ್ಳಾಗಿದ್ದರೆ 'ಇದು ಸುಳ್ಳು' ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸಬಹುದಿತ್ತು. ಇಲ್ಲಿ ಹಾಗಾಗುವುದಿಲ್ಲ. ಒಂದು ಬಿಳಿ ರಕ್ತಕಣದ ಒಳಗೆ ಪ್ರತಿಕಾಯ ಏನು ಮಾಡುತ್ತದೆ, ಇಂಟರ್‌ಫೆರಾನ್ ಎಂಬ ಇನ್ನೊಂದು ರಕ್ಷಣೆಯ ಮೇಲೆ ಅದರ ಪರಿಣಾಮ ಏನು ಎಂದು ನೋಡಿದರೆ ಮೂರು ಫಾರ್ವರ್ಡ್‌ಗಳಿಗೂ ಉತ್ತರ ಸಿಗುತ್ತದೆ. ಸ್ವಲ್ಪ ಉದ್ದದ ಓದು, ಆದರೆ ಕಷ್ಟದ್ದಲ್ಲ.

ಮೊದಲು ಡಂಗುರ, ಆಮೇಲೆ ಪ್ರತಿಕಾಯ

ಹೊಸ ವೈರಸ್ ಒಂದು ದೇಹಕ್ಕೆ ನುಗ್ಗಿದಾಗ ಅದಕ್ಕೆ ತಕ್ಕ ಪ್ರತಿಕಾಯ ತಯಾರಾಗಲು ಸಾಮಾನ್ಯವಾಗಿ ಒಂದು ವಾರದ ಆಸುಪಾಸು ಬೇಕು. ವೈರಸ್ ಅಷ್ಟು ದಿನ ಕಾಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಒಂದು ಜೀವಕೋಶದಿಂದ ನೂರಾರು, ಸಾವಿರಾರು ಮರಿಗಳನ್ನು ಹೊರಬಿಡಬಲ್ಲದು. ಆ ಮೊದಲ ದಿನಗಳಲ್ಲಿ ನಮ್ಮನ್ನು ಕಾಯುವುದರಲ್ಲಿ ದೊಡ್ಡ ಪಾಲು ಇಂಟರ್‌ಫೆರಾನ್‌ನದು.

ಇದನ್ನು 1957ರಲ್ಲಿ ಲಂಡನ್‌ನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಕಂಡುಹಿಡಿದರು. ಕೋಳಿಮೊಟ್ಟೆಯೊಳಗಿನ ಪೊರೆಯ ತುಣುಕುಗಳ ಮೇಲೆ ಅವರು ಬಿಸಿ ಮಾಡಿ ಸಾಯಿಸಿದ ಫ್ಲೂ ವೈರಸ್ ಹಾಕಿದರು. ಆಮೇಲೆ ಸುತ್ತಲಿನ ದ್ರವವನ್ನು ತೆಗೆದು ಬೇರೆ ತಾಜಾ ಪೊರೆಗೆ ಹಾಕಿದರು. ಆ ತಾಜಾ ಪೊರೆಯಲ್ಲಿ ಜೀವಂತ ವೈರಸ್ ಸಹ ಸರಿಯಾಗಿ ಬೆಳೆಯಲಿಲ್ಲ. ಮೊದಲ ಪೊರೆಯ ಜೀವಕೋಶಗಳು ಏನನ್ನೋ ಹೊರಬಿಟ್ಟಿದ್ದವು. ಅದು ಎರಡನೆಯ ಪೊರೆಯನ್ನು ಎಚ್ಚರಿಸಿತ್ತು. ವೈರಸ್‌ಗೆ ಅಡ್ಡಿ ಮಾಡುತ್ತದೆ ಎಂಬ ಅರ್ಥದಲ್ಲಿ ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು.

ಊರಿನಲ್ಲಿ ಡಂಗುರ ಸಾರುವುದನ್ನು ನೆನಪಿಸಿಕೊಳ್ಳಿ. ಜೀವಕೋಶದ ಒಳಗೆ ವೈರಸ್‌ನ ಆರ್‌ಎನ್‌ಎಯನ್ನು ಗುರುತಿಸುವ ಕೆಲವು ಪ್ರೋಟೀನುಗಳಿವೆ, ಊರ ಬಾಗಿಲಿನ ತಳವಾರನ ಹಾಗೆ. ಅಪರಿಚಿತ ಆರ್‌ಎನ್‌ಎ ಕಂಡ ಕೂಡಲೇ ಅವು ಸುದ್ದಿ ಮುಟ್ಟಿಸುತ್ತವೆ, ಜೀವಕೋಶ ಇಂಟರ್‌ಫೆರಾನ್ ಎಂಬ ಡಂಗುರ ಹೊಡೆಯುತ್ತದೆ. ಅಕ್ಕಪಕ್ಕದ ಜೀವಕೋಶಗಳು ಅದನ್ನು ಕೇಳಿಸಿಕೊಂಡು ನೂರಾರು ರಕ್ಷಣಾ ಜೀನ್‌ಗಳನ್ನು ಚಾಲೂ ಮಾಡುತ್ತವೆ: ವೈರಸ್‌ನ ಆರ್‌ಎನ್‌ಎಯನ್ನು ಕತ್ತರಿಸುವವು ಕೆಲವು, ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುವವು ಕೆಲವು, ಒಳಬರುವ ದಾರಿಯನ್ನು ಬಿಗಿ ಮಾಡುವವು ಇನ್ನು ಕೆಲವು. ಜ್ವರ ಬಂದಾಗ ಮೈಕೈ ನೋವು, ಚಳಿ, ಸುಸ್ತು ಆಗುತ್ತದಲ್ಲ, ಅದರಲ್ಲಿ ಇಂಟರ್‌ಫೆರಾನ್‌ನ ಪಾಲೂ ಇದೆ. ಹಿಂದೆ ಹೆಪಟೈಟಿಸ್ ಸಿ ರೋಗಿಗಳಿಗೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದಾಗ ಅವರಿಗೆ ಯಾವ ಫ್ಲೂ ಇಲ್ಲದೆಯೂ ಥೇಟ್ ಫ್ಲೂ ಬಂದಂತೆ ಆಗುತ್ತಿತ್ತು.

ಪ್ರತಿಕಾಯದ ಕೆಲಸ ಬೇರೆ. ಅದು ಕವಣೆಯ ಆಕಾರದ ಪ್ರೋಟೀನ್: ಎರಡು ಕೈ, ಒಂದು ಹಿಡಿ. ಕೈಗಳು ವೈರಸ್‌ನ ಮೈಮೇಲಿನ ಒಂದು ನಿರ್ದಿಷ್ಟ ಜಾಗವನ್ನು ಹಿಡಿಯುತ್ತವೆ. ಹಿಡಿಯ ಭಾಗವನ್ನು ಗುರುತಿಸಲು ನಮ್ಮ ಕೆಲವು ಬಿಳಿ ರಕ್ತಕಣಗಳ ಮೇಲೆ ಕೊಂಡಿಗಳಿವೆ. ಮಾನೋಸೈಟ್, ಮ್ಯಾಕ್ರೋಫೇಜ್ ಎಂಬ ಈ ಕಣಗಳ ಕಸುಬೇ ಕಸ ನುಂಗುವುದು. ಪ್ರತಿಕಾಯ ಅಂಟಿದ ವೈರಸ್ ಕಂಡರೆ ಹಿಡಿಯನ್ನು ಎಳೆದು ಒಳಗೆ ಹಾಕಿಕೊಂಡು ಅರೆದುಬಿಡುತ್ತವೆ. ಬಹುಪಾಲು ವೈರಸ್‌ಗಳ ಕತೆ ಅಲ್ಲಿಗೆ ಮುಗಿಯುತ್ತದೆ.

ಡೆಂಗಿಯ ಕತೆ ಅಲ್ಲಿಂದ ಶುರುವಾಗುತ್ತದೆ. ಡೆಂಗಿ ವೈರಸ್‌ಗೆ ಬೆಳೆಯಲು ಬೇಕಾದದ್ದೇ ಆ ಮಾನೋಸೈಟ್ ಮತ್ತು ಮ್ಯಾಕ್ರೋಫೇಜ್‌ಗಳು.

ಬ್ಯಾಂಕಾಕ್‌ನ ಒಗಟು

1950ರ ದಶಕದಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ, ಆಮೇಲೆ ಥಾಯ್ಲೆಂಡ್‌ನ ಬ್ಯಾಂಕಾಕ್‌ನಲ್ಲಿ ಮಕ್ಕಳಿಗೆ ಒಂದು ಭಯಂಕರ ಜ್ವರ ಕಾಣಿಸಿಕೊಂಡಿತು. ಜ್ವರ ಇಳಿಯುವ ಹೊತ್ತಿಗೆ ರಕ್ತಸ್ರಾವ, ರಕ್ತದೊತ್ತಡ ಕುಸಿತ, ಸಾವು. ಕಾರಣ ಡೆಂಗಿ ವೈರಸ್ ಎಂದು ತಿಳಿದಾಗ ವೈದ್ಯರಿಗೆ ಅಚ್ಚರಿ. ಅಲ್ಲಿಯವರೆಗೆ ಡೆಂಗಿ ಎಂದರೆ ಮೂಳೆ ಮುರಿದಂಥ ನೋವು ಕೊಟ್ಟು ವಾರದಲ್ಲಿ ಬಿಟ್ಟುಹೋಗುವ ಜ್ವರ ಎಂದೇ ತಿಳಿದಿದ್ದರು.

1960ರ ದಶಕದಲ್ಲಿ ಬ್ಯಾಂಕಾಕ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ ಮತ್ತು ಜೊತೆಗಾರರು ಒಂದು ವಿಚಿತ್ರ ಗಮನಿಸಿದರು. ತೀವ್ರ ಡೆಂಗಿ ಬರುತ್ತಿದ್ದವರು ಎರಡು ಗುಂಪಿನ ಮಕ್ಕಳು. ಒಂದು, ಹಿಂದೆ ಒಮ್ಮೆ ಡೆಂಗಿ ಬಂದಿದ್ದ ಮಕ್ಕಳು. ಇನ್ನೊಂದು, ಒಂದು ವರ್ಷವೂ ತುಂಬದ, ಮೊದಲ ಸಲ ಸೋಂಕು ತಗುಲಿದ ಹಸುಗೂಸುಗಳು. ಮೇಲುನೋಟಕ್ಕೆ ಎರಡಕ್ಕೂ ಸಂಬಂಧವೇ ಇಲ್ಲ. ಆದರೆ ಆ ಕೂಸುಗಳ ತಾಯಂದಿರಿಗೆ ಹಿಂದೆ ಡೆಂಗಿ ಬಂದಿತ್ತು. ಬಸುರಿನಲ್ಲಿದ್ದಾಗಲೇ ತಾಯಿಯ ಪ್ರತಿಕಾಯಗಳು ಮಗುವಿಗೆ ದಾಟಿದ್ದವು.

ಅಂದರೆ ಎರಡೂ ಗುಂಪಿನ ಮಕ್ಕಳ ರಕ್ತದಲ್ಲಿ ಸಮಾನವಾಗಿ ಇದ್ದದ್ದು ಒಂದೇ: ಮೊದಲೇ ಇದ್ದ ಡೆಂಗಿ ಪ್ರತಿಕಾಯ.

ಹುಟ್ಟಿದ ಮೊದಲ ಕೆಲವು ತಿಂಗಳು ಆ ಕೂಸುಗಳಿಗೆ ಏನೂ ಆಗುತ್ತಿರಲಿಲ್ಲ ಎಂಬುದನ್ನು ಗಮನಿಸಿ. ತಾಯಿಯಿಂದ ಬಂದ ಪ್ರತಿಕಾಯ ಆಗ ಧಾರಾಳವಾಗಿತ್ತು, ಕಾಪಾಡುತ್ತಿತ್ತು. ಆರರಿಂದ ಒಂಬತ್ತು ತಿಂಗಳ ಹೊತ್ತಿಗೆ ಅದು ಕರಗಿ ಅರೆಬರೆ ಉಳಿದಾಗ ಅಪಾಯ ಏರುತ್ತಿತ್ತು. ಪೂರ್ತಿ ಕರಗಿಹೋದ ಮೇಲೆ ಅಪಾಯ ಮತ್ತೆ ಇಳಿಯುತ್ತಿತ್ತು. ಹೆಚ್ಚಿದ್ದರೆ ರಕ್ಷಣೆ, ಇಲ್ಲದಿದ್ದರೆ ಸಾಮಾನ್ಯ ಡೆಂಗಿ, ನಡುವೆ ಅರೆಬರೆ ಇದ್ದಾಗ ಅಪಾಯ. ಈ 'ಅರೆಬರೆ'ಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಕ್ಯೂಬಾ ಕೊಟ್ಟ ಸಾಕ್ಷಿ

ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ: 1, 2, 3, 4. ನಾಲ್ಕೂ ಭಾರತದಲ್ಲಿವೆ. ಒಂದು ಬಗೆ ಬಂದು ಹೋದರೆ ಆ ಬಗೆಯ ವಿರುದ್ಧ ದೀರ್ಘಕಾಲದ ರಕ್ಷಣೆ ಸಿಗುತ್ತದೆ. ಮೊದಲ ಫಾರ್ವರ್ಡ್‌ನಲ್ಲಿರುವ ನಿಜದ ಚೂರು ಇಷ್ಟೇ. ಉಳಿದ ಮೂರರ ವಿರುದ್ಧ ಸಿಗುವ ರಕ್ಷಣೆ ತಾತ್ಕಾಲಿಕ. ಆಮೇಲೆ ಉಳಿಯುವುದು ಅವುಗಳಿಗೆ ಸರಿಯಾಗಿ ಹೊಂದದ ಪ್ರತಿಕಾಯ.

ಕ್ಯೂಬಾದಲ್ಲಿ 1977ರಿಂದ 1979ರವರೆಗೆ ಬಗೆ 1 ಹರಡಿತು. ಜನ ಜ್ವರ ಅನುಭವಿಸಿ ಸುಧಾರಿಸಿಕೊಂಡರು. 1981ರಲ್ಲಿ ಬಗೆ 2 ಬಂತು. ಮೂರೂವರೆ ಲಕ್ಷದ ಹತ್ತಿರ ಜನರಿಗೆ ರೋಗ, 10,000ಕ್ಕೂ ಹೆಚ್ಚು ಜನರಿಗೆ ತೀವ್ರ ರೋಗ, 158 ಸಾವು. ಸತ್ತವರಲ್ಲಿ 101 ಮಂದಿ ಮಕ್ಕಳು. ಆಮೇಲೆ ಕ್ಯೂಬಾ ಸೊಳ್ಳೆ ನಿಯಂತ್ರಣವನ್ನು ಪಟ್ಟುಹಿಡಿದು ಮಾಡಿತು, ಹಲವು ವರ್ಷ ಡೆಂಗಿ ಸುಳಿಯಲಿಲ್ಲ. 1997ರಲ್ಲಿ ಸ್ಯಾಂಟಿಯಾಗೊ ನಗರದಲ್ಲಿ ಬಗೆ 2 ಮತ್ತೆ ಕಾಣಿಸಿಕೊಂಡಾಗ ತೀವ್ರ ರೋಗ ಬಂದದ್ದು ದೊಡ್ಡವರಿಗೆ. ಇಪ್ಪತ್ತು ವರ್ಷ ಹಿಂದಿನ ಬಗೆ 1ರ ಪ್ರತಿಕಾಯ ಅವರ ಮೈಯಲ್ಲಿತ್ತು. ಆ ನಡುವೆ ಹುಟ್ಟಿದ ಮಕ್ಕಳಿಗೆ ಹಳೆಯ ಪ್ರತಿಕಾಯವೇ ಇರಲಿಲ್ಲ, ಅವರಿಗೆ ತೀವ್ರ ಡೆಂಗಿ ಬರಲಿಲ್ಲ.

ಈಗ ಎರಡನೇ ಫಾರ್ವರ್ಡ್ ನೋಡಿ. ಆ ಕೆಟ್ಟ 1981ರಲ್ಲೂ, ಬಗೆ 1ರ ಅಲೆ ಮುಗಿದು ಎರಡೇ ವರ್ಷವಾಗಿದ್ದ ದೇಶದಲ್ಲಿ, ತೀವ್ರ ರೋಗ ಬಂದದ್ದು ನೂರಕ್ಕೆ ಮೂವರಿಗೆ. ಅವರಲ್ಲೂ ಬಹುತೇಕರು ಬದುಕಿದರು. 1995ರಲ್ಲಿ ಪೆರು ದೇಶದ ಇಕಿಟೋಸ್‌ನಲ್ಲಿ ಬಗೆ 2ರ ಒಂದು ತಳಿ ಹರಡಿತು. ಅಲ್ಲಿನ ಬಹಳ ಜನರಿಗೆ ಮೊದಲೇ ಬಗೆ 1 ಬಂದಿತ್ತು. ಆದರೂ ರಕ್ತಸ್ರಾವದ ಡೆಂಗಿ ಕಾಣಿಸಲೇ ಇಲ್ಲ. ಎರಡನೇ ಸಲದ ಸೋಂಕಿನಲ್ಲಿ ಅಪಾಯ ಹೆಚ್ಚು ಎಂಬುದು ನಿಜ. ಎರಡನೇ ಸಲ ಎಂದರೆ ಸಾವು ಎಂಬುದು ಸುಳ್ಳು. ವೈರಸ್‌ನ ತಳಿ, ವಯಸ್ಸು, ಎರಡು ಸೋಂಕಿನ ನಡುವಿನ ಅಂತರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಹಿಂಬಾಗಿಲು

ಪ್ರತಿಕಾಯ ಹೇಗೆ ಎಡವುತ್ತದೆ?

ಡೆಂಗಿ ವೈರಸ್‌ನ ಹೊರಮೈಯಲ್ಲಿ ಒಂದೇ ಪ್ರೋಟೀನಿನ 180 ಪ್ರತಿಗಳು ಹೆಂಚಿನಂತೆ ಜೋಡಿಸಿಕೊಂಡಿರುತ್ತವೆ. ಅದನ್ನು ನಿಷ್ಕ್ರಿಯ ಮಾಡಲು ಒಂದೋ ಎರಡೋ ಪ್ರತಿಕಾಯ ಅಂಟಿದರೆ ಸಾಲದು. ಡೆಂಗಿಯ ದಾಯಾದಿಯಾದ ವೆಸ್ಟ್ ನೈಲ್ ವೈರಸ್ ಮೇಲೆ ಮಾಡಿದ ಲೆಕ್ಕದ ಪ್ರಕಾರ ಒಂದು ವೈರಸ್ ಕಣಕ್ಕೆ ಸುಮಾರು 30 ಪ್ರತಿಕಾಯಗಳಾದರೂ ಅಂಟಬೇಕು. ಅದಕ್ಕಿಂತ ಕಡಿಮೆ ಅಂಟಿದರೆ ವೈರಸ್ ಜೀವಂತವಾಗಿಯೇ ಇರುತ್ತದೆ. ಆದರೆ ಅಂಟಿದ ಆ ಕೆಲವು ಪ್ರತಿಕಾಯಗಳ ಹಿಡಿ ಹೊರಗೆ ಚಾಚಿಕೊಂಡಿರುತ್ತದಲ್ಲ, ಅದನ್ನು ಕಂಡ ಮಾನೋಸೈಟ್ ಎಂದಿನಂತೆ ಎಳೆದು ಒಳಗೆ ಹಾಕಿಕೊಳ್ಳುತ್ತದೆ. ಕೈಕೋಳ ಸರಿಯಾಗಿ ಹಾಕದ ಕಳ್ಳನನ್ನು ಪೊಲೀಸರೇ ಜೀಪಿನಲ್ಲಿ ಖಜಾನೆಯವರೆಗೆ ಬಿಟ್ಟುಬಂದ ಹಾಗೆ.

ಇದನ್ನು ಪ್ರಯೋಗಾಲಯದಲ್ಲಿ ಮೊದಲು ಕಂಡದ್ದು 1964ರಲ್ಲಿ, ಆಸ್ಟ್ರೇಲಿಯಾದ ಆರ್. ಎ. ಹಾಕ್ಸ್. ಡೆಂಗಿಯ ದಾಯಾದಿ ವೈರಸ್‌ಗಳಿಗೆ ಪ್ರತಿಕಾಯವಿರುವ ರಕ್ತದ್ರವವನ್ನು ಬಹಳ ತೆಳು ಮಾಡಿ ಬೆರೆಸಿದಾಗ ವೈರಸ್ ಕಡಿಮೆಯಾಗುವ ಬದಲು ಹೆಚ್ಚಾಯಿತು. ಹಾಲ್‌ಸ್ಟೆಡ್ ತಂಡ 1970ರ ದಶಕದಲ್ಲಿ ಡೆಂಗಿಯಲ್ಲೂ ಇದನ್ನೇ ತೋರಿಸಿತು. ಆ್ಯಂಟಿಬಾಡಿ ಡಿಪೆಂಡೆಂಟ್ ಎನ್‌ಹ್ಯಾನ್ಸ್‌ಮೆಂಟ್, ಚಿಕ್ಕದಾಗಿ ಎಡಿಇ ಎಂದು ಫಾರ್ವರ್ಡ್‌ಗಳಲ್ಲಿ ನೀವು ಓದುವುದು ಇದನ್ನೇ. ಪ್ರತಿಕಾಯದ ನೆರವಿನಿಂದ ಸೋಂಕು ಹೆಚ್ಚುವುದು ಎಂದು ಅರ್ಥ.

ಇದು ಬರೀ ಪ್ರಯೋಗಾಲಯದ ಮಾತಲ್ಲ. ನಿಕರಾಗುವಾದಲ್ಲಿ ಸಾವಿರಾರು ಮಕ್ಕಳ ರಕ್ತವನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಪ್ರತಿಕಾಯ ಬಹಳ ಇದ್ದ ಮಕ್ಕಳು ಸುರಕ್ಷಿತ. ಇಲ್ಲದ ಮಕ್ಕಳಿಗೆ ತೀವ್ರ ರೋಗದ ಅಪಾಯ ಕಡಿಮೆ. ನಡುವಿನ ಒಂದು ಕಿರಿದಾದ ಮಟ್ಟದಲ್ಲಿದ್ದ ಮಕ್ಕಳಿಗೆ ತೀವ್ರ ರೋಗದ ಅಪಾಯ ಏಳು ಪಟ್ಟಿಗಿಂತಲೂ ಹೆಚ್ಚು. ಬ್ಯಾಂಕಾಕ್‌ನ ಕೂಸುಗಳಲ್ಲಿ ಕಂಡಿದ್ದ ಆ 'ಅರೆಬರೆ' ಇಲ್ಲಿ ಅಂಕಿಸಂಖ್ಯೆಯಲ್ಲೇ ಸಿಕ್ಕಿತು.

ಡಂಗುರದವನ ಬಾಯಿ ಕಟ್ಟುವುದು

ಹಿಂಬಾಗಿಲಿನಿಂದ ಒಳಬಂದರೂ ವೈರಸ್ ವೈರಸ್ಸೇ ಅಲ್ಲವೇ, ಒಳಗಿನ ತಳವಾರ ಅದನ್ನು ಹಿಡಿಯಬೇಕಲ್ಲ? ಇಂಟರ್‌ಫೆರಾನ್ ಡಂಗುರ ಏನಾಯಿತು? ಈ ಲೇಖನಕ್ಕಾಗಿ ಓದುವಾಗ ನಮಗೆ ಅತ್ಯಂತ ಕುತೂಹಲ ಹುಟ್ಟಿಸಿದ ಭಾಗ ಇದು.

ಡೆಂಗಿ ವೈರಸ್ ಹೇಗೆ ಬಂದರೂ ಇಂಟರ್‌ಫೆರಾನ್ ವಿರುದ್ಧ ತನ್ನದೇ ಹತ್ಯಾರುಗಳನ್ನು ಹೊತ್ತು ತರುತ್ತದೆ. ಅದರ ಒಂದು ಪ್ರೋಟೀನ್ ಡಂಗುರ ಕೇಳಿಸಿಕೊಳ್ಳಲು ಬೇಕಾದ ಸ್ಟ್ಯಾಟ್-2 ಎಂಬ ನಮ್ಮ ಪ್ರೋಟೀನನ್ನು ನಾಶ ಮಾಡಿಸುತ್ತದೆ. ಇನ್ನೊಂದು, ಡಂಗುರ ಹೊಡೆಸುವ ಸ್ಟಿಂಗ್ ಎಂಬುದನ್ನು ಕತ್ತರಿಸುತ್ತದೆ. ತಮಾಷೆ ಎಂದರೆ ಇವೆರಡೂ ಮನುಷ್ಯರಲ್ಲಿ ನಡೆಯುತ್ತವೆ, ಇಲಿಯಲ್ಲಿ ನಡೆಯುವುದಿಲ್ಲ. ಅದಕ್ಕೇ ಸಾಮಾನ್ಯ ಇಲಿಗೆ ಡೆಂಗಿ ತಗುಲಿಸಿದರೆ ಅದು ಹಾಯಾಗಿರುತ್ತದೆ. ಡೆಂಗಿ ಸಂಶೋಧನೆಗೆ ಇಂಟರ್‌ಫೆರಾನ್ ಕೇಳಿಸದಂತೆ ಜೀನ್ ತೆಗೆದ ವಿಶೇಷ ಇಲಿಗಳನ್ನು ಸಾಕಬೇಕಾಯಿತು. ಡೆಂಗಿಗೂ ನಮಗೂ ನಡುವೆ ಇಂಟರ್‌ಫೆರಾನ್ ಎಂಥ ಗೋಡೆ ಎಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಬೇಕಿಲ್ಲ.

ಇದರ ಮೇಲೆ ಪ್ರತಿಕಾಯವೂ ಸೇರಿಕೊಂಡರೆ? ಬ್ಯಾಂಕಾಕ್‌ನ ಮಹಿದೋಲ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಮತ್ತು ಆಮೇಲೆ ಇದನ್ನು ಮನುಷ್ಯರ ಮಾನೋಸೈಟ್ ಬಗೆಯ ಕೋಶಗಳಲ್ಲಿ ನೋಡಿದರು. ಒಂದು ತಟ್ಟೆಯಲ್ಲಿ ವೈರಸ್ ಮಾತ್ರ, ಇನ್ನೊಂದರಲ್ಲಿ ಅರೆಬರೆ ಪ್ರತಿಕಾಯ ಅಂಟಿದ ವೈರಸ್. ಎರಡನೆಯದರಲ್ಲಿ ವೈರಸ್ ಹೆಚ್ಚು ಬೆಳೆದದ್ದು ನಿರೀಕ್ಷಿತವೇ. ಆದರೆ ವೈರಸ್ ಹೆಚ್ಚಿದಷ್ಟೂ ಡಂಗುರದ ಸದ್ದೂ ಹೆಚ್ಚಬೇಕಿತ್ತು. ಆದದ್ದು ತಿರುಗಾಮುರುಗಾ: ವೈರಸ್ ಆರ್‌ಎನ್‌ಎ ಗುರುತಿಸುವ ತಳವಾರರ ಸಂಖ್ಯೆ ಇಳಿದಿತ್ತು, ಉರಿಯೂತವನ್ನು ಶಮನಗೊಳಿಸುವ ಐಎಲ್-10 ಎಂಬ ಸಂದೇಶವಾಹಕ ಏರಿತ್ತು, ಇಂಟರ್‌ಫೆರಾನ್ ವ್ಯವಸ್ಥೆ ಮಂಕಾಗಿತ್ತು. ಪ್ರತಿಕಾಯದ ಕೊಂಡಿ ಬರೀ ಬಾಗಿಲಲ್ಲ, ಅದೊಂದು ಕರೆಗಂಟೆಯೂ ಹೌದು; 'ಇದು ಹಿಡಿದು ತಂದ ಕಸ, ಗಾಬರಿ ಬೇಡ' ಎಂಬ ಸಂದೇಶವನ್ನೂ ಅದು ಒಳಗೆ ಕಳಿಸಬಹುದು ಎಂಬುದು ಅವರ ತರ್ಕ. ಅದಕ್ಕೂ ಮೊದಲು, 2000ದಲ್ಲಿ, ರಾಸ್ ರಿವರ್ ಎಂಬ ಇನ್ನೊಂದು ಸೊಳ್ಳೆ ವೈರಸ್‌ನಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇಲಿಯ ಮ್ಯಾಕ್ರೋಫೇಜ್‌ಗಳಲ್ಲಿ ಇಂಥದ್ದನ್ನೇ ಕಂಡಿದ್ದರು.

ಸಿಂಗಪುರದ ತಂಡವೊಂದು 2014ರಲ್ಲಿ ಇನ್ನೊಂದು ತಿರುವು ತೋರಿಸಿತು. ಪ್ರತಿಕಾಯದ ಕೊಂಡಿಯನ್ನು ಎಳೆದಾಗ ಮಾನೋಸೈಟ್‌ನಲ್ಲಿ ವೈರಸ್ ವಿರೋಧಿ ಜೀನ್‌ಗಳು ಚಾಲೂ ಆಗುತ್ತವೆ. ಅಂದರೆ ಹಿಂಬಾಗಿಲಲ್ಲೂ ಒಂದು ಅಲಾರಂ ಇದೆ. ಡೆಂಗಿ ವೈರಸ್ ಅದೇ ಹೊತ್ತಿಗೆ ಕೋಶದ ಮೇಲಿರುವ ಎಲ್‌ಐಎಲ್‌ಆರ್‌ಬಿ-1 ಎಂಬ ಇನ್ನೊಂದು ಗುಂಡಿಯನ್ನೂ ಒತ್ತುತ್ತದೆ. ಅದು ಅಲಾರಂ ಆರಿಸುವ ಗುಂಡಿ. ಒಂದು ಕೈಯಲ್ಲಿ ಬಾಗಿಲು ತೆಗೆಸಿ ಇನ್ನೊಂದು ಕೈಯಲ್ಲಿ ಅಲಾರಂ ಆಫ್ ಮಾಡುವ ಕಸುಬುದಾರ ಕಳ್ಳ.

ಇಷ್ಟು ಹೇಳಿ ನಿಲ್ಲಿಸಿದರೆ ಕತೆ ಚೆನ್ನಾಗಿರುತ್ತದೆ, ಆದರೆ ಪೂರ್ತಿ ಆಗುವುದಿಲ್ಲ. 2011ರಲ್ಲಿ ಬಂದ ಇನ್ನೊಂದು ಅಧ್ಯಯನ ಮನುಷ್ಯರ ರಕ್ತದಿಂದ ನೇರವಾಗಿ ತೆಗೆದ ಮಾನೋಸೈಟ್‌ಗಳಲ್ಲಿ ಇದನ್ನೇ ಪರೀಕ್ಷಿಸಿತು. ಅಲ್ಲಿ ಪ್ರತಿಕಾಯ ಡೆಂಗಿ ಸೋಂಕನ್ನು ಹೆಚ್ಚಿಸಿತು, ಆದರೆ ಇಂಟರ್‌ಫೆರಾನ್ ಸ್ರವಿಕೆಯನ್ನು ತಗ್ಗಿಸಲಿಲ್ಲ. ಯಾಕೆ ಈ ವ್ಯತ್ಯಾಸ? 2007ರ ಪ್ರಯೋಗದಲ್ಲಿ ಬಳಸಿದ್ದು ರಕ್ತದ ಕ್ಯಾನ್ಸರ್ ರೋಗಿಯೊಬ್ಬರಿಂದ ದಶಕಗಳ ಹಿಂದೆ ಪಡೆದು, ಪ್ರಯೋಗಾಲಯಗಳಲ್ಲಿ ಬೆಳೆಸುತ್ತ ಬಂದ ಕೋಶಗಳನ್ನು. ಆರೋಗ್ಯವಂತರ ರಕ್ತದಿಂದ ಅದೇ ದಿನ ತೆಗೆದ ಕೋಶ ಅದರಂತೆಯೇ ನಡೆದುಕೊಳ್ಳಬೇಕೆಂದೇನಿಲ್ಲ. ನಮ್ಮ ತಿಳಿವಳಿಕೆಯಂತೆ ಹಿಂಬಾಗಿಲಿನ ಭಾಗ ಗಟ್ಟಿ. ಡಂಗುರ ತಗ್ಗುವ ಭಾಗ ಕೋಶದಿಂದ ಕೋಶಕ್ಕೆ ಬದಲಾಗುತ್ತದೆ. 'ಪ್ರತಿಕಾಯ ಇಂಟರ್‌ಫೆರಾನನ್ನು ಕೊಲ್ಲುತ್ತದೆ' ಎಂದು ಒಂದೇ ಸಾಲಿನಲ್ಲಿ ಬರೆದ ಫಾರ್ವರ್ಡ್ ಬಂದರೆ, ಯಾವ ಕೋಶದಲ್ಲಿ, ಯಾವ ವೈರಸ್‌ನಲ್ಲಿ, ಎಷ್ಟು ಪ್ರತಿಕಾಯ ಇದ್ದಾಗ ಎಂದು ಕೇಳಿ.

ಏಕೆಂದರೆ ಇದಕ್ಕೆ ಪೂರ್ತಿ ವಿರುದ್ಧದ ಉದಾಹರಣೆಗಳೂ ಇವೆ. ಕೇಂಬ್ರಿಜ್‌ನ ಸಂಶೋಧಕರು 2010ರಲ್ಲಿ ನಮ್ಮ ಜೀವಕೋಶಗಳ ಒಳಗೇ ಇರುವ ಟ್ರಿಮ್-21 ಎಂಬ ಪ್ರೋಟೀನಿನ ಕೆಲಸ ಪತ್ತೆ ಮಾಡಿದರು. ಪ್ರತಿಕಾಯ ಅಂಟಿಕೊಂಡೇ ಕೋಶದೊಳಗೆ ಜಾರಿದ ವೈರಸ್ಸನ್ನು ಅದು ಆ ಪ್ರತಿಕಾಯದಿಂದಲೇ ಗುರುತಿಸಿ, ಚೂರುಚೂರು ಮಾಡಿಸಿ, ಜೊತೆಗೆ ಅಲಾರಂ ಕೂಡ ಬಾರಿಸುತ್ತದೆ. ಲೂಪಸ್ ಎಂಬ ಕಾಯಿಲೆಯಲ್ಲಿ ರೋಗಿಯ ಸ್ವಂತ ಡಿಎನ್‌ಎಗೆ ಅಂಟುವ ಪ್ರತಿಕಾಯಗಳು ಬಿಳಿ ರಕ್ತಕಣದೊಳಗೆ ಹೋಗಿ ಇಂಟರ್‌ಫೆರಾನನ್ನು ಬೇಕಾದ್ದಕ್ಕಿಂತ ಹೆಚ್ಚು ಹೊರಡಿಸುತ್ತವೆ. ಅಲ್ಲಿ ಇಂಟರ್‌ಫೆರಾನನ್ನು ತಗ್ಗಿಸುವುದೇ ಚಿಕಿತ್ಸೆಯ ಒಂದು ದಾರಿ.

ಡಂಗುರವನ್ನೇ ಹಿಡಿಯುವ ಪ್ರತಿಕಾಯ

ಇದಕ್ಕಿಂತ ನೇರವಾದ ಪ್ರಕರಣ ಕೋವಿಡ್ ಕಾಲದಲ್ಲಿ ಬೆಳಕಿಗೆ ಬಂತು. ಒಂದೇ ಮನೆಯಲ್ಲಿ ಎಲ್ಲರಿಗೂ ಕೋವಿಡ್ ಬಂದು, ಒಬ್ಬರು ಮಾತ್ರ ಐಸಿಯು ಸೇರಿದ ಕತೆ ನಿಮ್ಮ ಬಳಿಯೂ ಇರಬಹುದು. 2020ರಲ್ಲಿ ಜೀನ್-ಲಾರೆಂಟ್ ಕ್ಯಾಸನೋವಾ, ಪಾಲ್ ಬಾಸ್ಟರ್ಡ್ ಮತ್ತು ಅನೇಕ ದೇಶಗಳ ಜೊತೆಗಾರರು ಪ್ರಾಣಾಪಾಯದ ಕೋವಿಡ್ ನ್ಯುಮೋನಿಯಾ ಆಗಿದ್ದ 987 ರೋಗಿಗಳ ರಕ್ತ ಪರೀಕ್ಷಿಸಿದರು. ಅವರಲ್ಲಿ 101 ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಹಿಡಿದು ನಿಷ್ಕ್ರಿಯ ಮಾಡುವ ಪ್ರತಿಕಾಯಗಳಿದ್ದವು. 101ರಲ್ಲಿ 95 ಮಂದಿ ಗಂಡಸರು. ಲಕ್ಷಣವಿಲ್ಲದ ಅಥವಾ ಸೌಮ್ಯ ಕೋವಿಡ್ ಆದ 663 ಜನರಲ್ಲಿ ಒಬ್ಬರಲ್ಲೂ ಅದು ಸಿಗಲಿಲ್ಲ. ಸೋಂಕಿಗೂ ಮೊದಲೇ ತೆಗೆದಿಟ್ಟಿದ್ದ ರಕ್ತ ಕೆಲವರದ್ದು ಲಭ್ಯವಿತ್ತು. ಅದರಲ್ಲೂ ಆ ಪ್ರತಿಕಾಯಗಳಿದ್ದವು. ಅಂದರೆ ಅದು ಕೋವಿಡ್‌ನಿಂದ ಹುಟ್ಟಿದ್ದಲ್ಲ, ಕೋವಿಡ್ ಬರುವಾಗಲೇ ಅವರ ಡಂಗುರ ಕೆಟ್ಟಿತ್ತು.

ಮುಂದಿನ ವರ್ಷದ ಅಧ್ಯಯನದಲ್ಲಿ, 70 ದಾಟಿದ ಆರೋಗ್ಯವಂತರಲ್ಲೂ ನೂರಕ್ಕೆ ನಾಲ್ವರ ಹತ್ತಿರ ಇಂಥ ಪ್ರತಿಕಾಯ ಕಂಡುಬಂತು. ಕೋವಿಡ್ ಸಾವುಗಳಲ್ಲಿ ಐದರಲ್ಲೊಂದರಲ್ಲಿ ಅದು ಇತ್ತು. ವಯಸ್ಸಾದ ಗಂಡಸರಿಗೆ ಕೋವಿಡ್ ಯಾಕೆ ಅಷ್ಟು ಕ್ರೂರವಾಯಿತು ಎಂಬುದಕ್ಕೆ ಇದು ಸಂಪೂರ್ಣ ಉತ್ತರವಲ್ಲ, ಆದರೆ ಉತ್ತರದ ದೊಡ್ಡ ತುಂಡು.

ಹಾಗಾದರೆ ಲಸಿಕೆ?

ಮೂರನೇ ಫಾರ್ವರ್ಡ್‌ಗೆ ಬರೋಣ. ಅದರಲ್ಲಿನ ನಿಜದ ಚೂರು ಫಿಲಿಪ್ಪೀನ್ಸ್‌ನದು. 2016ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಡೆಂಗ್ವ್ಯಾಕ್ಸಿಯಾ ಎಂಬ ಡೆಂಗಿ ಲಸಿಕೆಯನ್ನು ಶಾಲಾಮಕ್ಕಳಿಗೆ ಕೊಡಲು ಶುರು ಮಾಡಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕೊಟ್ಟಾಗಿತ್ತು. 2017ರ ನವೆಂಬರ್‌ನಲ್ಲಿ ತಯಾರಕ ಕಂಪನಿ ಸನೋಫಿ ಹೊಸ ವಿಶ್ಲೇಷಣೆಯ ಫಲಿತಾಂಶ ಹೇಳಿತು: ಹಿಂದೆ ಡೆಂಗಿ ಬಂದವರಿಗೆ ಲಸಿಕೆ ರಕ್ಷಣೆ ಕೊಡುತ್ತದೆ, ಎಂದೂ ಬರದವರಿಗೆ ಮುಂದೆ ಸೋಂಕು ತಗುಲಿದಾಗ ತೀವ್ರ ರೋಗದ ಅಪಾಯ ಹೆಚ್ಚಿಸಬಹುದು. ಡೆಂಗಿ ಬರದವರ ಮೈಗೆ ಲಸಿಕೆ ಸದ್ದಿಲ್ಲದ 'ಮೊದಲ ಸೋಂಕಿ'ನಂತೆ ಕೆಲಸ ಮಾಡಿ ಆ ಅರೆಬರೆ ಪ್ರತಿಕಾಯವನ್ನು ಬಿಟ್ಟುಹೋಗಿತ್ತು ಎಂಬುದು ಇದಕ್ಕೆ ಬಹುತೇಕರು ಒಪ್ಪುವ ವಿವರಣೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಐದು ವರ್ಷಗಳಲ್ಲಿ, ಡೆಂಗಿ ಬರದೆ ಲಸಿಕೆ ಪಡೆದ 1,000 ಮಕ್ಕಳಲ್ಲಿ 5 ಮಂದಿ ಹೆಚ್ಚಾಗಿ ಆಸ್ಪತ್ರೆ ಸೇರುವಂತಾಗುತ್ತಿತ್ತು; ಡೆಂಗಿ ಬಂದಿದ್ದ 1,000 ಮಕ್ಕಳಲ್ಲಿ 15 ಮಂದಿ ಆಸ್ಪತ್ರೆ ಸೇರುವುದು ತಪ್ಪುತ್ತಿತ್ತು.

ಮೊದಲು ರಕ್ತ ಪರೀಕ್ಷಿಸಿ ಆಮೇಲೆ ಕೊಡಬೇಕಿತ್ತು. ಅದು ನಿಜವಾದ ತಪ್ಪು, ಮುಚ್ಚಿಡುವ ಅಗತ್ಯವಿಲ್ಲ. ಆದರೆ ಆಮೇಲೆ ಆದದ್ದನ್ನೂ ಹೇಳಬೇಕು. ಭಯ ಡೆಂಗಿ ಲಸಿಕೆಗೆ ನಿಲ್ಲಲಿಲ್ಲ. ಲಸಿಕೆ ಮುಖ್ಯ ಎಂದು ದೃಢವಾಗಿ ನಂಬುವ ಫಿಲಿಪ್ಪೀನ್ಸ್ ಜನರ ಪ್ರಮಾಣ ಸಮೀಕ್ಷೆಯಲ್ಲಿ 2015ರ ಶೇ 93ರಿಂದ 2018ಕ್ಕೆ ಶೇ 32ಕ್ಕೆ ಕುಸಿಯಿತು. 2019ರಲ್ಲಿ ಅಲ್ಲಿ ದಡಾರ ಸಿಡಿಯಿತು, ಸತ್ತವರಲ್ಲಿ ಹೆಚ್ಚಿನವರು ಪುಟ್ಟ ಮಕ್ಕಳು. ದಡಾರ ಲಸಿಕೆಗೂ ಡೆಂಗಿ ಪ್ರತಿಕಾಯಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಕೋವಿಡ್ ಲಸಿಕೆಯಿಂದ ಎಡಿಇ ಆಗುತ್ತದೆ ಎಂಬ ಭಯ 2020ರಲ್ಲಿ ವಿಜ್ಞಾನಿಗಳಿಗೂ ಇತ್ತು, ಅದಕ್ಕೇ ಪ್ರಯೋಗಗಳಲ್ಲಿ ಅದನ್ನು ಹುಡುಕಿದರು. ಕಾಣಿಸಲಿಲ್ಲ, ಲಸಿಕೆ ಪಡೆದವರಲ್ಲಿ ತೀವ್ರ ರೋಗ ಕಡಿಮೆಯಾಯಿತು. ಕೊರೊನಾ ವೈರಸ್ ಪ್ರತಿಕಾಯದ ಕೊಂಡಿಯ ಮೂಲಕ ಮಾನೋಸೈಟ್ ಒಳಗೆ ಹೋಗುವುದುಂಟು ಎಂದು 2022ರ ಒಂದು ಅಧ್ಯಯನ ತೋರಿಸಿದೆ. ಆದರೆ ಅಲ್ಲಿ ಅದಕ್ಕೆ ಮರಿ ಹಾಕಲು ಆಗುವುದಿಲ್ಲ. ಕೋಶ ಉರಿಯೂತ ಎಬ್ಬಿಸಿ ತಾನೇ ಸಾಯುತ್ತದೆ. ಎಂಆರ್‌ಎನ್‌ಎ ಲಸಿಕೆ ಪಡೆದವರ ಪ್ರತಿಕಾಯಗಳು ಹಾಗೆ ಒಳಗೆ ಕರೆದೊಯ್ಯಲೂ ಇಲ್ಲ ಎಂದು ಅದೇ ಅಧ್ಯಯನ ಹೇಳಿತು. ಫಾರ್ವರ್ಡ್ ಮಾಡುವವರು ಮೊದಲ ವಾಕ್ಯ ಮಾತ್ರ ಕತ್ತರಿಸಿ ಹಂಚಿಕೊಂಡರು.

ಭಾರತದಲ್ಲಿ ನಾಲ್ಕೂ ಬಗೆಗೆ ಒಟ್ಟಿಗೆ ರಕ್ಷಣೆ ಕೊಡುವ ಗುರಿಯ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪ್ರಯೋಗವನ್ನು ಐಸಿಎಂಆರ್ ಮತ್ತು ಪ್ಯಾನೇಸಿಯಾ ಬಯೋಟೆಕ್ 2024ರ ಆಗಸ್ಟ್‌ನಲ್ಲಿ ಶುರು ಮಾಡಿದವು. 10,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ದೀರ್ಘಕಾಲ ಗಮನಿಸುವ ಯೋಜನೆ ಅದು. ಡೆಂಗಿ ಲಸಿಕೆಗೆ ಯಾಕಿಷ್ಟು ನಿಧಾನ ಎಂದು ಕೇಳುವವರಿಗೆ ಉತ್ತರ ಮೇಲಿನ ಪ್ಯಾರಾಗಳಲ್ಲಿದೆ.

ನಿಮ್ಮ ಕೈಯಲ್ಲಿರುವ ರಿಪೋರ್ಟ್

ಮಳೆಗಾಲದಲ್ಲಿ ಜ್ವರ ಬಂದು ಲ್ಯಾಬ್‌ಗೆ ಹೋದರೆ ರಿಪೋರ್ಟ್‌ನಲ್ಲಿ ಮೂರು ಸಾಲು ಇರುತ್ತವೆ: ಎನ್‌ಎಸ್-1, ಐಜಿಎಂ, ಐಜಿಜಿ. ಮೊದಲನೆಯದು ವೈರಸ್‌ನದೇ ಪ್ರೋಟೀನ್, ಜ್ವರದ ಆರಂಭದ ದಿನಗಳಲ್ಲಿ ಸಿಗುತ್ತದೆ. ಉಳಿದೆರಡು ನಮ್ಮ ಪ್ರತಿಕಾಯಗಳು. ಐಜಿಎಂ ಸಾಮಾನ್ಯವಾಗಿ ನಾಲ್ಕೈದು ದಿನಗಳ ಮೇಲೆ ಕಾಣಿಸುತ್ತದೆ. ಐಜಿಜಿ ಒಂದೇ ಪಾಸಿಟಿವ್ ಇದ್ದರೆ ಹಿಂದೆ ಎಂದೋ ಡೆಂಗಿ ಬಂದಿರಬಹುದು. ಜ್ವರದ ಮೊದಲ ದಿನಗಳಲ್ಲೇ ಅದು ಬಹಳ ಏರಿದ್ದರೆ ಇದು ಎರಡನೇ ಸೋಂಕು ಇರಬಹುದು. ಐಜಿಜಿ ಪಾಸಿಟಿವ್ ಎಂದರೆ 'ಇಮ್ಯುನಿಟಿ ಬಂತು' ಎಂದೂ ಅಲ್ಲ, 'ಮುಗಿಯಿತು ಕತೆ' ಎಂದೂ ಅಲ್ಲ. ವೈದ್ಯರು ಇನ್ನೂ ಹತ್ತಿರದಿಂದ ಗಮನಿಸಲು ಅದು ಒಂದು ಸುಳಿವು.

'ನನಗೆ ಯಾವತ್ತೂ ಡೆಂಗಿ ಬಂದಿಲ್ಲ' ಎನ್ನುವವರಿಗೂ ಒಂದು ಮಾತು. ಐಸಿಎಂಆರ್ 2017-18ರಲ್ಲಿ 15 ರಾಜ್ಯಗಳಲ್ಲಿ 5ರಿಂದ 45 ವರ್ಷದವರ ರಕ್ತ ಪರೀಕ್ಷಿಸಿದಾಗ, ದಕ್ಷಿಣ ಭಾರತದಲ್ಲಿ ಶೇ 77ರಷ್ಟು ಜನರಲ್ಲಿ ಡೆಂಗಿ ಪ್ರತಿಕಾಯ ಇತ್ತು. ಅವರಲ್ಲಿ ಬಹಳ ಮಂದಿಗೆ ತಮಗೆ ಡೆಂಗಿ ಬಂದುಹೋದದ್ದೇ ಗೊತ್ತಿರಲಿಕ್ಕಿಲ್ಲ. ಹೆಚ್ಚಿನ ಡೆಂಗಿ ಸೋಂಕು ಲಕ್ಷಣವಿಲ್ಲದೆ, ಇಲ್ಲವೇ ಎರಡು ದಿನದ ಜ್ವರವಾಗಿ ದಾಟಿಹೋಗುತ್ತದೆ. ಹಾಗಾಗಿ ನಿಮ್ಮ 'ಮೊದಲ' ಡೆಂಗಿ ನಿಜಕ್ಕೂ ಎರಡನೆಯದೇ ಇರಬಹುದು. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚನೆ ಹೊರಡಿಸಿ, ಸೊಳ್ಳೆ ಹುಟ್ಟುವಂತೆ ನೀರು ನಿಲ್ಲಿಸಿಕೊಂಡವರಿಗೆ ದಂಡ ಹಾಕಲು ಅವಕಾಶ ಮಾಡಿತು. ಹಳೆಯ ಪ್ರತಿಕಾಯವನ್ನು ಮೈಯಿಂದ ತೆಗೆಯಲು ಆಗುವುದಿಲ್ಲ. ಡ್ರಮ್ಮಿನ ನೀರು, ತಾರಸಿಯ ಮೇಲಿನ ಹಳೇ ಟೈರು, ಹೂಕುಂಡದ ಕೆಳಗಿನ ತಟ್ಟೆ ನಮ್ಮ ಕೈಯಲ್ಲಿವೆ.

ಜ್ವರ ಇದ್ದಾಗ ಪ್ಯಾರಾಸಿಟಮಾಲ್ ಸಾಕು, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ. ಆಸ್ಪಿರಿನ್, ಐಬುಪ್ರೊಫೇನ್ ಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ನೀರು, ಗಂಜಿ, ಎಳನೀರು, ಓಆರ್‌ಎಸ್ ಕುಡಿಯುತ್ತಿರಿ. ಪಪ್ಪಾಯಿ ಎಲೆಯ ರಸ ಕುಡಿಸಿದ್ದೇವೆ, ಇನ್ನು ಆಸ್ಪತ್ರೆ ಬೇಡ ಎಂದು ಕೂರಬೇಡಿ. ಎಲ್ಲಕ್ಕಿಂತ ಹೆಚ್ಚಾಗಿ, ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಇಳಿದಾಗ 'ಅಬ್ಬ, ಬಿಟ್ಟಿತು' ಎಂದು ಮೈಮರೆಯಬೇಡಿ. ರಕ್ತನಾಳದಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದು ಆಗಲೇ. ಜ್ವರ ಇಳಿದ ಮೇಲೆ ಹೊಟ್ಟೆ ವಿಪರೀತ ನೋಯುವುದು, ವಾಂತಿ ನಿಲ್ಲದಿರುವುದು, ವಸಡು ಅಥವಾ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಗು ಮಂಕಾಗಿ ಮಲಗುವುದು ಅಥವಾ ವಿನಾಕಾರಣ ಚಡಪಡಿಸುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಪ್ಲೇಟ್‌ಲೆಟ್ ರಿಪೋರ್ಟ್‌ಗೆ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಸಮಯಕ್ಕೆ ಸರಿಯಾಗಿ ಡ್ರಿಪ್ ಕೊಟ್ಟು ಗಮನಿಸಿದರೆ ತೀವ್ರ ಡೆಂಗಿಯಲ್ಲೂ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ.